ಹಳೇ ಲ್ಯಾಪ್‌ಟಾಪ್, ಬಯೋಸ್ ತಕರಾರು: ಸೆಲ್ ಬದಲಿಸುವುದಾ, ಅಪ್‌ಡೇಟ್ ಮಾಡುವುದಾ, ಚಿಪ್ ಬರೆಸುವುದಾ?

ನಮ್ಮ ಸೋದರಮಾವನ ದಾಲ್ ಮಿಲ್ ಕಲಬುರಗಿಯ ಹೊರಗೆ ಇದೆ. ಸಂಜೆ ಹೊತ್ತು ಅಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಅಲ್ಲಿರುವ ಲ್ಯಾಪ್‌ಟಾಪ್‌ಗೆ ಹನ್ನೊಂದು ವರ್ಷ. ತೊಗರಿ ಹೊಟ್ಟಿನ ಧೂಳು ಕುಡಿದು ಕುಡಿದು ಅದರ ಕೀಲಿಮಣೆ ಹಳದಿ ಬಣ್ಣಕ್ಕೆ ತಿರುಗಿದೆ. ಒಂದು ಮೇ ತಿಂಗಳ ಮಧ್ಯಾಹ್ನ ಆನ್ ಮಾಡಿದರೆ ಫ್ಯಾನ್ ಮಾತ್ರ ಭರ್ರನೆ ತಿರುಗಿತು. ಪರದೆ ಕಪ್ಪು. ಕ್ಯಾಪ್ಸ್ ಲಾಕ್ ದೀಪ ಮಿಣುಕ್ ಮಿಣುಕ್ ಅನ್ನುತ್ತಿತ್ತು.

"ಏನಾಗ್ಯಾದೋ ಅಳಿಯಾ? ಲೆಕ್ಕ ಎಲ್ಲಾ ಹೋಯ್ತೇನು?" ಅಂದರು ಮಾವ.

ಸೂಪರ್ ಮಾರ್ಕೆಟ್ ಕಡೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅವರು ಒಮ್ಮೆ ಆನ್ ಮಾಡಿ, ಒಮ್ಮೆ ಆಫ್ ಮಾಡಿ, "ಬಯೋಸ್ ಹೋಗ್ಯಾದ್ರಿ ಸರ. ಬೋರ್ಡೇ ಬದಲಿ ಮಾಡ್ಬೇಕು. ಏಳು ಸಾವಿರ ಆಗ್ತದ" ಅಂದರು. ಆ ಲ್ಯಾಪ್‌ಟಾಪನ್ನು ಮಾರಿದರೆ ಏಳು ಸಾವಿರ ಬರುವುದೇ ಅನುಮಾನ. ವಾಪಸ್ ತಂದೆ. ರಾತ್ರಿ ಹಿಂದಿನ ಮುಚ್ಚಳ ಬಿಚ್ಚಿ, ರ‍್ಯಾಮ್ ಪಟ್ಟಿ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿ, ಸ್ಲಾಟಿಗೆ ಒಂದು ಒಣ ಬ್ರಷ್ ಆಡಿಸಿ ಮತ್ತೆ ಕೂರಿಸಿದೆ. ಆನ್ ಆಯಿತು. ಬಟನ್ ಒತ್ತಿದ ತಕ್ಷಣ ಯಂತ್ರವನ್ನು ಎಬ್ಬಿಸಿ ವಿಂಡೋಸಿಗೆ ಒಪ್ಪಿಸುವ ಪುಟ್ಟ ತಂತ್ರಾಂಶವೇ ಬಯೋಸ್. ಅದು ಎಲ್ಲಿಗೂ ಹೋಗಿರಲಿಲ್ಲ.

ಹಾಗಂತ ಬಯೋಸ್ ಕೆಡುವುದೇ ಇಲ್ಲ ಅಂತಲ್ಲ. ಕೆಡುತ್ತದೆ. ನಾನೇ ಒಂದನ್ನು ಕೈಯಾರೆ ಕೆಡಿಸಿದ್ದೇನೆ, ಆ ಕಥೆ ಮುಂದೆ ಹೇಳುತ್ತೇನೆ. ಆದರೆ ದಾರಿಗಳು ನಾಲ್ಕಾರಿವೆ, ಒಂದೊಂದರ ಖರ್ಚು ಬೇರೆ, ಅಪಾಯ ಬೇರೆ. ನಾನು ಆರಿಸಿಕೊಳ್ಳುವಾಗ ದುಡ್ಡಿಗಿಂತ ಮೊದಲು ಒಂದು ವಿಷಯ ನೋಡುತ್ತೇನೆ: ಇದು ತಪ್ಪಿದರೆ ಇದ್ದ ಜಾಗಕ್ಕೆ ವಾಪಸ್ ಬರಬಹುದಾ? ಬರಬಹುದಾದದ್ದನ್ನೆಲ್ಲ ಮೊದಲು ಮಾಡಿ ಮುಗಿಸುತ್ತೇನೆ. ಬರಲಾಗದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಮಾವನ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಲೆಕ್ಕ ಹೋಗುವುದಿಲ್ಲ. ಟ್ಯಾಲಿ ಡೇಟಾ, ಫೋಟೋ, ಫೈಲು ಎಲ್ಲ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಬಯೋಸ್ ಇರುವುದು ಮದರ್‌ಬೋರ್ಡಿನ ಮೇಲೆ, ಎಂಟು ಕಾಲಿನ ಒಂದು ಚಿಪ್ಪಿನಲ್ಲಿ. ಗಾತ್ರ ಹೆಚ್ಚುಕಡಿಮೆ ಒಂದು ತೊಗರಿ ಬೇಳೆಯಷ್ಟು. ಅದರೊಳಗೆ ಸಾಮಾನ್ಯವಾಗಿ 4, 8 ಅಥವಾ 16 ಎಂಬಿ ಜಾಗ. ಅದು ಸತ್ತರೂ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಡಿಸ್ಕಿಗೆ ವಿಂಡೋಸಿನ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ಮಾತ್ರ 48 ಅಂಕಿಯ ರಿಕವರಿ ಕೀ ಬೇಕಾಗುತ್ತದೆ. ಅದನ್ನು ಈಗಲೇ ಹುಡುಕಿ ಒಂದು ಕಾಗದದಲ್ಲಿ ಬರೆದಿಡಿ.

ಮೊದಲು, ಇದು ನಿಜಕ್ಕೂ ಬಯೋಸ್ ತೊಂದರೆಯಾ?

ಕಲಬುರಗಿಯಲ್ಲಿ ಬೇಸಿಗೆಗೆ 42, 43 ಡಿಗ್ರಿ ಹೊಸದೇನಲ್ಲ. ತಗಡಿನ ಶೆಡ್ಡಿನ ಕೆಳಗೆ ಇನ್ನೂ ಜಾಸ್ತಿ. ಹತ್ತು ವರ್ಷದ ಹೀಟ್ ಸಿಂಕ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿರುತ್ತದೆ. ಫ್ಯಾನಿನ ಬಾಯಿಗೆ ಧೂಳಿನ ಹೊದಿಕೆ ಕಟ್ಟಿರುತ್ತದೆ. ಆಗ ಲ್ಯಾಪ್‌ಟಾಪ್ ಹತ್ತು ನಿಮಿಷ ಓಡಿ ಟಪ್ಪನೆ ಆಫ್ ಆದರೆ ಅದು ಬಿಸಿಯ ಕಾಟ, ಬಯೋಸಿನ ತಪ್ಪಲ್ಲ. ಬೆಳಿಗ್ಗೆ ತಂಪಿನಲ್ಲಿ ಚೆನ್ನಾಗಿ ಓಡಿ ಮಧ್ಯಾಹ್ನ ಮಾತ್ರ ಹಟ ಮಾಡುತ್ತದಾ ನೋಡಿ, ಗೊತ್ತಾಗುತ್ತದೆ.

ಪರದೆ ಕಪ್ಪಾಗಿದ್ದರೆ ಚಾರ್ಜರ್ ತೆಗೆಯಿರಿ, ಬ್ಯಾಟರಿ ಬಿಚ್ಚಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಕರೆಂಟ್ ಎಲ್ಲ ಖಾಲಿಯಾಗುತ್ತದೆ. ಆಮೇಲೆ ಬರೀ ಚಾರ್ಜರ್ ಹಾಕಿ ಆನ್ ಮಾಡಿ. ಎಷ್ಟೋ ಲ್ಯಾಪ್‌ಟಾಪ್ ಇಷ್ಟಕ್ಕೇ ಎದ್ದು ಕೂರುತ್ತವೆ. ಕೀಲಿಮಣೆ, ಫ್ಯಾನ್, ಚಾರ್ಜಿಂಗ್ ನೋಡಿಕೊಳ್ಳುವ ಇನ್ನೊಂದು ಚಿಕ್ಕ ಚಿಪ್ ಒಳಗಿದೆ, ಎಂಬೆಡೆಡ್ ಕಂಟ್ರೋಲರ್ ಅಂತ. ಅದು ಗೊಂದಲಕ್ಕೆ ಬಿದ್ದಿದ್ದರೆ ಈ ಅರ್ಧ ನಿಮಿಷದಲ್ಲಿ ದಾರಿಗೆ ಬರುತ್ತದೆ. ಆಮೇಲೆ ರ‍್ಯಾಮ್ ತೆಗೆದು ಹಾಕಿ ನೋಡಿ. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ.

ದೀಪ ಮಿನುಗುತ್ತಿದ್ದರೆ ಎಣಿಸಿ. ಇದು ಸುಮ್ನೆ ಮಿನುಗುವುದಲ್ಲ. ಎಷ್ಟು ಸಲ ಮಿನುಗಿ ನಿಲ್ಲುತ್ತದೆ ಅನ್ನುವುದರಲ್ಲೇ ಯಾವ ಭಾಗದ ತೊಂದರೆ ಎಂಬ ಸೂಚನೆ ಇರುತ್ತದೆ. ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ದೀಪ, ಡೆಲ್‌ನಲ್ಲಿ ಪವರ್ ಅಥವಾ ಬ್ಯಾಟರಿ ದೀಪ. ಫೋನಿನಲ್ಲಿ ವಿಡಿಯೋ ಮಾಡಿಕೊಂಡು ನಿಧಾನವಾಗಿ ಎಣಿಸಿದರೆ ತಪ್ಪುವುದಿಲ್ಲ. ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುವಲ್‌ನಲ್ಲಿ ಅದರ ಅರ್ಥ ಬರೆದಿರುತ್ತದೆ.

ಕಂಪನಿಯ ಲೋಗೋ ಬಂದು, ಆಮೇಲೆ ಬೂಟ್ ಡಿವೈಸ್ ಸಿಗಲಿಲ್ಲ ಅಂತ ಹೇಳಿದರೆ ಬಯೋಸ್ ಬದುಕಿದೆ ಅಂತಲೇ ಅರ್ಥ. ಡಿಸ್ಕ್ ನೋಡಿ, ಇಲ್ಲವೇ ಸೆಟ್ಟಿಂಗ್ ನೋಡಿ.

ಸೆಲ್ ಬದಲಿಸುವ ದಾರಿ

ಲ್ಯಾಪ್‌ಟಾಪ್ ಆಫ್ ಇದ್ದಾಗಲೂ ಗಡಿಯಾರ ಓಡಿಸಿ, ಸೆಟ್ಟಿಂಗ್ ಉಳಿಸುವ ಪುಟ್ಟ ಸೆಲ್ ಒಂದು ಒಳಗಿದೆ. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹೆಚ್ಚು ಸಲ ಫಲ ಕೊಡುವುದು ಅದನ್ನು ಬದಲಿಸುವುದೇ. ಲಕ್ಷಣವೂ ಸುಲಭ. ಚಾರ್ಜರ್ ತೆಗೆದು ಇಟ್ಟರೆ ಮರುದಿನ ತಾರೀಕು ಹತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆನ್ ಮಾಡಿದಾಗಲೆಲ್ಲ ಸಿಮಾಸ್ (ಸೆಟ್ಟಿಂಗ್ ಉಳಿಯುವ ಜಾಗ) ಚೆಕ್‌ಸಮ್ ತಪ್ಪು ಅಂತ ಬಂದು ಎಫ್ 1 ಒತ್ತಲು ಕೇಳುತ್ತದೆ.

ಇದನ್ನು ಜನ ಇಂಟರ್ನೆಟ್ ತೊಂದರೆ ಅಂದುಕೊಳ್ಳುವುದೇ ಜಾಸ್ತಿ. ಮಿಲ್ಲಿನಲ್ಲಿ ಒಂದು ತಿಂಗಳ 20ನೇ ತಾರೀಕು, ಜಿಎಸ್‌ಟಿ ರಿಟರ್ನ್ ತುಂಬುವ ಕೊನೆಯ ದಿನ, ಯಾವ ವೆಬ್‌ಸೈಟೂ ತೆರೆಯಲಿಲ್ಲ. ಬ್ರೌಸರ್ ಎಲ್ಲದಕ್ಕೂ ಸಂಪರ್ಕ ಸುರಕ್ಷಿತವಲ್ಲ ಅನ್ನುತ್ತಿತ್ತು. ಗುಮಾಸ್ತ ರೂಟರನ್ನು ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದ್ದ. ನಾನು ಹೋಗಿ ಮೂಲೆಯ ಗಡಿಯಾರ ನೋಡಿದೆ. ಲ್ಯಾಪ್‌ಟಾಪ್ ಇನ್ನೂ 2013ನೇ ಇಸವಿಯಲ್ಲಿತ್ತು! ವೆಬ್‌ಸೈಟಿನ ಸರ್ಟಿಫಿಕೇಟಿಗೆ ಇಂತಹ ದಿನದಿಂದ ಇಂತಹ ದಿನದವರೆಗೆ ಅಂತ ಅವಧಿ ಇರುತ್ತದೆ. ಇನ್ನೂ ಹುಟ್ಟದ ಸರ್ಟಿಫಿಕೇಟನ್ನು ಆ ಯಂತ್ರ ಹೇಗೆ ಒಪ್ಪಬೇಕು, ಅಲ್ವಾ? ತಾರೀಕು ಸರಿ ಮಾಡಿ ರಿಟರ್ನ್ ತುಂಬಿದೆವು. ಸೆಲ್ ಮರುದಿನ ಬದಲಿಸಿದೆ.

ಒಳಗಿರುವುದು ಸಿಆರ್ 2032 ಅನ್ನುವ ನಾಣ್ಯದಂಥ ಸೆಲ್, 3 ವೋಲ್ಟ್. ಕೆಲವು ಬೋರ್ಡಿನಲ್ಲಿ ಬರೀ ಸೆಲ್ ಹೋಲ್ಡರಿನಲ್ಲಿ ಕೂತಿರುತ್ತದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ಹಳದಿ ಅಥವಾ ಕಪ್ಪು ಪ್ಲಾಸ್ಟಿಕ್ ಸುತ್ತಿ, ಕೆಂಪು ಕಪ್ಪು ಎರಡು ವೈರ್ ಬಿಟ್ಟು, ತುದಿಗೆ ಪುಟ್ಟ ಕನೆಕ್ಟರ್ ಹಾಕಿರುತ್ತಾರೆ. ವೈರ್ ಇರುವುದನ್ನೇ ಕೊಳ್ಳಿ. ಹಳೇ ವೈರನ್ನು ಹೊಸ ಸೆಲ್ಲಿಗೆ ನೇರ ಬೆಸುಗೆ ಹಾಕುವ ಶೋಕಿ ಬೇಡ. ಬಿಸಿಗೆ ಸೆಲ್ ಉಬ್ಬಿ ಒಡೆಯಬಹುದು. ಬರೀ ಸೆಲ್ಲಿಗೆ ನಾನು ಕೊಟ್ಟದ್ದು 40 ರೂಪಾಯಿ, ವೈರಿನದಕ್ಕೆ 150. ಮಲ್ಟಿಮೀಟರ್ ಇದ್ದರೆ ಹಳೆಯದನ್ನು ಅಳೆದು ನೋಡಿ. 2.5ಕ್ಕಿಂತ ಕೆಳಗೆ ಇಳಿದಿದ್ದರೆ ಅದರ ಕಾಲ ಮುಗಿಯಿತು. ನಮ್ಮದು 1.1 ತೋರಿಸಿತು.

ದೊಡ್ಡ ಬ್ಯಾಟರಿ ಮೊದಲು ಬಿಚ್ಚಿ, ಆಮೇಲೆ ಸೆಲ್. ಇನ್ನೂ ಈಚಿನ ತೆಳ್ಳನೆ ಲ್ಯಾಪ್‌ಟಾಪ್ ಕೆಲವಲ್ಲಿ ಸೆಲ್ಲೇ ಇರುವುದಿಲ್ಲ. ಗಡಿಯಾರ ದೊಡ್ಡ ಬ್ಯಾಟರಿಯಲ್ಲೇ ಓಡುತ್ತದೆ. ಹುಡುಕಿ ಹುಡುಕಿ ಸುಸ್ತಾಗಬೇಡಿ.

ಈ ದಾರಿಯಲ್ಲಿ ಇರುವ ಒಂದೇ ಗುಂಡಿ ಸೆಟ್ಟಿಂಗ್. ಸೆಲ್ ತೆಗೆದಾಗ ಅಥವಾ ಡಿಫಾಲ್ಟ್‌ಗೆ ಹಾಕಿದಾಗ ಬಯೋಸ್ ಕಾರ್ಖಾನೆಯಿಂದ ಬಂದ ಹಾಗೆ ಆಗಿಬಿಡಬಹುದು. ಹಿಂದೆ ಯಾರೋ ವಿಂಡೋಸ್ ಹಾಕುವಾಗ ಬೂಟ್ ಮೋಡನ್ನು ಲೆಗಸಿಗೆ (ಹಳೇ ರೀತಿ) ಇಟ್ಟಿರುತ್ತಾರೆ, ಅದು ಹೊಸ ರೀತಿಯಾದ ಯುಇಎಫ್‌ಐಗೆ ಹೋಗುತ್ತದೆ. ಡಿಸ್ಕ್ ಜೊತೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಎಎಚ್‌ಸಿಐ ಇದ್ದದ್ದು ರೇಡ್‌ಗೆ ಹೋಗುತ್ತದೆ. ಆಮೇಲೆ ವಿಂಡೋಸ್ ಏಳುವುದಿಲ್ಲ. ಸೆಲ್ ಬದಲಿಸಿದ್ದಕ್ಕೇ ಡಿಸ್ಕ್ ಹೋಯಿತು ಅಂತ ಮನೆಯವರು ಬೈಯುತ್ತಾರೆ. ಅದಕ್ಕೇ ಯಂತ್ರ ಚೆನ್ನಾಗಿರುವಾಗಲೇ ಎಫ್ 2 ಅಥವಾ ಎಫ್ 10 ಒತ್ತಿ ಒಳಗೆ ಹೋಗಿ, ಪ್ರತಿ ಪುಟದ ಫೋಟೋ ಫೋನಿನಲ್ಲಿ ತೆಗೆದಿಡಿ. ಎರಡು ನಿಮಿಷದ ಕೆಲಸ.

ಅಪ್‌ಡೇಟ್ ಮಾಡಬೇಕಾ, ಹಾಗೇ ಬಿಡಬೇಕಾ

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಚೆನ್ನಾಗಿ ಓಡುತ್ತಿರುವ ಹತ್ತು ವರ್ಷದ ಲ್ಯಾಪ್‌ಟಾಪಿಗೆ "ಹೊಸದು ಬಂದಿದೆ" ಅನ್ನುವ ಒಂದೇ ಕಾರಣಕ್ಕೆ ಬಯೋಸ್ ಅಪ್‌ಡೇಟ್ ಮಾಡಬೇಡಿ. ಕಾರಣ ಬೇಕು. ಕಂಪನಿಯ ಪುಟದಲ್ಲಿ ಆ ಆವೃತ್ತಿ ಏನೇನು ಸರಿಮಾಡಿದೆ ಅಂತ ಬರೆದಿರುತ್ತಾರೆ. ನಿಮ್ಮ ತೊಂದರೆ ಅದರಲ್ಲಿದೆಯಾ ನೋಡಿ: ಫ್ಯಾನ್ ಸದಾ ಜೋರಾಗಿ ತಿರುಗುವುದು, ಬ್ಯಾಟರಿ ಚಾರ್ಜ್ ಆಗದಿರುವುದು, ನಿದ್ದೆಗೆ ಹೋದ ಮೇಲೆ ಏಳದಿರುವುದು. ಇದ್ದರೆ ಮಾಡಿ. ಭದ್ರತೆಯ ಲೋಪ ಸರಿಮಾಡಿದ್ದರೂ ಮಾಡುವುದು ಒಳ್ಳೆಯದೇ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ಲೋಪಗಳು ಹೊರಬಂದಾಗ ಎಷ್ಟೋ ಹಳೇ ಮಾಡೆಲ್‌ಗಳಿಗೂ ಹೊಸ ಬಯೋಸ್ ಬಿಟ್ಟರು. ಅಂದಹಾಗೆ, ಪ್ರೊಸೆಸರಿನ ಮೈಕ್ರೋಕೋಡನ್ನು (ಅದರೊಳಗಿನ ತಿದ್ದಬಲ್ಲ ಸೂಚನೆಗಳನ್ನು) ವಿಂಡೋಸ್, ಲಿನಕ್ಸ್ ಕೂಡ ಆನ್ ಆಗುವಾಗ ತುಂಬಬಲ್ಲವು. ಎಲ್ಲಕ್ಕೂ ಬಯೋಸೇ ಬೇಕು ಅಂತಿಲ್ಲ.

ಇತ್ತೀಚೆಗೆ ಜನ ಕೇಳುವುದು ಬೇರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಬಯೋಸ್ ಅಪ್‌ಡೇಟ್ ಮಾಡಿದರೆ ವಿಂಡೋಸ್ 11 ಹತ್ತುತ್ತದಾ ಅಂತ. ಇಲ್ಲ. ಟಿಪಿಎಂ 2.0 (ಗುಟ್ಟಿನ ಕೀಗಳನ್ನು ಕಾಯುವ ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ಕಾವಲು) ಜೊತೆಗೆ ಪ್ರೊಸೆಸರೂ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ ಸುಮಾರಾಗಿ 8ನೇ ಪೀಳಿಗೆಯಿಂದ ಈಚೆಗೆ. ಕೆಲವು ಮಾಡೆಲ್‌ಗಳಲ್ಲಿ ಟಿಪಿಎಂ 1.2 ಇದ್ದದ್ದನ್ನು ಫರ್ಮ್‌ವೇರಿನಿಂದ (ಚಿಪ್ಪಿನೊಳಗಿನ ತಂತ್ರಾಂಶ ಬದಲಿಸಿ) 2.0 ಮಾಡಬಹುದು, ಆದರೆ 3ನೇ ಪೀಳಿಗೆಯ ಪ್ರೊಸೆಸರನ್ನು 8ನೆಯದು ಮಾಡಲು ಯಾವ ಬಯೋಸಿಗೂ ಆಗದು.

ಇನ್ನೊಂದು ಭಯ ಸೆಕ್ಯೂರ್ ಬೂಟ್ ಸರ್ಟಿಫಿಕೇಟಿನದು. 2011ರಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಸರ್ಟಿಫಿಕೇಟುಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಆ ದಿನ ಲ್ಯಾಪ್‌ಟಾಪ್ ಆನ್ ಆಗದೇ ನಿಲ್ಲುತ್ತದೆ ಅನ್ನುವ ಮಾತು ಸುಳ್ಳು. ಆನ್ ಆಗುತ್ತದೆ. ಹೊಸ ಸರ್ಟಿಫಿಕೇಟು ಬರದಿದ್ದರೆ ಬೂಟ್ ಭಾಗಕ್ಕೆ ಮುಂದೆ ಬರುವ ಭದ್ರತಾ ಅಪ್‌ಡೇಟ್‌ಗಳು ಸಿಗುವುದಿಲ್ಲ, ಅಷ್ಟೇ.

ಮಾಡಲೇಬೇಕು ಅಂತಾದರೆ ಹೇಗೆ ಮಾಡುವುದು? ಮೂರು ಬಾಗಿಲಿವೆ. ವಿಂಡೋಸಿನ ಒಳಗಿಂದ ಡಬಲ್ ಕ್ಲಿಕ್ ಮಾಡುವುದು ಎಲ್ಲಕ್ಕಿಂತ ಸಲೀಸು. ಆದರೆ ಹಳೇ ವಿಂಡೋಸ್ ನಡುವೆ ಯಾವಾಗ ಸಿಕ್ಕಿಕೊಳ್ಳುತ್ತದೋ, ಆ್ಯಂಟಿವೈರಸ್ ಯಾವಾಗ ಅಡ್ಡ ಬರುತ್ತದೋ ಹೇಳಲಾಗದು. ನನಗೆ ಹಿಡಿಸುವುದು ಬಯೋಸಿನ ಒಳಗೇ ಇರುವ ಫ್ಲಾಶ್ ಮೆನು. ಪೆನ್ ಡ್ರೈವನ್ನು ಫ್ಯಾಟ್ 32ಗೆ ಫಾರ್ಮ್ಯಾಟ್ ಮಾಡಿ, ಫೈಲ್ ಹಾಕಿ, ಅಲ್ಲಿಂದಲೇ ಬರೆಸುವುದು. ಡೆಲ್‌ನ ಅನೇಕ ಮಾಡೆಲ್‌ಗಳಲ್ಲಿ ಎಫ್ 12 ಒತ್ತಿದರೆ ಇದು ಸಿಗುತ್ತದೆ. ಲೆನೊವೊದ ಹಳೇ ಥಿಂಕ್‌ಪ್ಯಾಡ್‌ಗಳಿಗೆ ಬೂಟ್ ಆಗುವ ಸಿಡಿ ಚಿತ್ರಿಕೆ (ಇಮೇಜ್ ಫೈಲ್) ಕೊಡುತ್ತಾರೆ. ಮೂರನೆಯದು ಲಿನಕ್ಸಿನವರದು. 2015ರಿಂದ ಎಫ್‌ಡಬ್ಲ್ಯೂ‌ಅಪ್‌ಡಿ ಅನ್ನುವ ವ್ಯವಸ್ಥೆ ಇದೆ, ಡೆಲ್, ಲೆನೊವೊ, ಎಚ್‌ಪಿ ತಮ್ಮ ಫೈಲ್‌ಗಳನ್ನು ಅದಕ್ಕೆ ಕೊಡುತ್ತವೆ. ಉಬುಂಟುವಿನ ಸಾಫ್ಟ್‌ವೇರ್ ಕಿಟಕಿಯಲ್ಲೇ ಅಪ್‌ಡೇಟ್ ಕಾಣಿಸುತ್ತದೆ. ಅದಕ್ಕಿಂತ ಹಳೆಯ ಯಂತ್ರಗಳಿಗೆ ಮಾತ್ರ ಅಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಲಿನಕ್ಸ್ ಅಂದರೆ ಪೂರ್ತಿ ಸುರಕ್ಷಿತ ಅಂತಲೂ ತಿಳಿಯಬೇಡಿ. ಉಬುಂಟು 17.10 ಹಾಕಿದ ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳ ಬಯೋಸ್ ಸೆಟ್ಟಿಂಗ್ ಉಳಿಯದ ಹಾಗೆ ಕೆಟ್ಟು, 2017ರ ಡಿಸೆಂಬರಿನಲ್ಲಿ ಅದರ ಡೌನ್‌ಲೋಡನ್ನೇ ತಾತ್ಕಾಲಿಕವಾಗಿ ತೆಗೆದಿದ್ದರು. ಇಂಟೆಲ್ ಎಸ್‌ಪಿಐ ಅನ್ನುವ ಒಂದು ಡ್ರೈವರಿನ ಕಿತಾಪತಿ ಅದು.

ಯಾವ ಬಾಗಿಲಾದರೂ ಕೆಲವು ಮಾತು ಒಂದೇ. ಫೈಲ್ ಕಂಪನಿಯ ಪುಟದಿಂದಲೇ ಬರಬೇಕು, ಡ್ರೈವರ್ ಹಂಚುವ ಯಾವುದೋ ಸೈಟಿನಿಂದ ಅಲ್ಲ. ಮಾಡೆಲ್ ಹೆಸರಿನ ಕೊನೆಯ ಅಕ್ಷರದವರೆಗೂ ಹೊಂದಬೇಕು. ಬಹಳ ಹಳೇ ಆವೃತ್ತಿ ಇದ್ದರೆ ಕೆಲವು ಮಾಡೆಲ್‌ಗಳಲ್ಲಿ ಒಂದೇ ಜಿಗಿತಕ್ಕೆ ಹೊಸದಕ್ಕೆ ಹೋಗಲು ಆಗದು, ನಡುವಿನ ಒಂದು ಮೆಟ್ಟಿಲು ಹತ್ತಿ ಹೋಗಬೇಕು. ಬಿಟ್‌ಲಾಕರ್ ಇದ್ದರೆ ಮೊದಲು ಅದನ್ನು ಸಸ್ಪೆಂಡ್ ಮಾಡಿ.

ಮತ್ತೆ, ಕರೆಂಟ್. ಇಲ್ಲೇ ನಾನು ಕೆಟ್ಟದ್ದು.

ನನ್ನ ಸ್ವಂತ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಚಾರ್ಜರ್ ಮೇಲೇ ಓಡುತ್ತಿತ್ತು. ಅಪ್‌ಡೇಟ್ ಸಾಧನ ಬ್ಯಾಟರಿ ಇಲ್ಲ, ಮಾಡುವುದಿಲ್ಲ ಅಂತ ಸರಿಯಾಗಿಯೇ ಹೇಳಿತು. ಡೆಲ್‌ನಂಥವು ಕನಿಷ್ಠ 10 ಶೇಕಡಾ ಚಾರ್ಜ್ ಇಲ್ಲದೆ ಮುಟ್ಟುವುದಿಲ್ಲ. ನಾನು ಎಲ್ಲೋ ಓದಿದ ಜಾಣತನ ಮಾಡಿ, ಆ ತಪಾಸಣೆಯನ್ನೇ ದಾಟಿಸಿ ಓಡಿಸಿದೆ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅನ್ನುವ ಧೈರ್ಯ. ಹೊರಗೆ ಗಾಳಿ, ಎರಡು ಹನಿ ಮಳೆ. ಅಪ್‌ಡೇಟಿನ ಪಟ್ಟಿ ಅರವತ್ತು ಶೇಕಡಾ ದಾಟಿತ್ತು. ಕರೆಂಟ್ ಹೋಯಿತು, ಇನ್ವರ್ಟರ್ ಟಕ್ ಅಂತ ಹಿಡಿಯಿತು, ಫ್ಯಾನ್ ನಿಲ್ಲಲೇ ಇಲ್ಲ. ಲ್ಯಾಪ್‌ಟಾಪ್ ಮಾತ್ರ ಆರಿತು. ಆ ಟಕ್‌ನಷ್ಟು ಹೊತ್ತು ಸಾಕಾಗಿತ್ತು. ಮನೆಯ ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದರಲ್ಲಿಟ್ಟರೆ ಬೇಗ ಹಿಡಿಯುತ್ತದೆ. ನಮ್ಮದು ಇನ್ನೊಂದು ಕಡೆ ಇತ್ತು. ನೋಡಿರಲೇ ಇಲ್ಲ.

ಆದ್ದರಿಂದ ಚಾರ್ಜ್ ಹಿಡಿಯುವ ಬ್ಯಾಟರಿ ಇಲ್ಲದಿದ್ದರೆ ಅಪ್‌ಡೇಟ್ ಬೇಡ. ಬ್ಯಾಟರಿಗೆ ದುಡ್ಡು ಹಾಕಲು ಮನಸ್ಸಿಲ್ಲ ಅಂದರೆ ಆ ಲ್ಯಾಪ್‌ಟಾಪಿನ ಬಯೋಸಿಗೂ ಕೈ ಹಾಕಬೇಡಿ.

ಅಪ್‌ಡೇಟ್ ಅರ್ಧಕ್ಕೆ ನಿಂತರೆ

ಮೊದಲು ಕಂಪನಿಯೇ ಇಟ್ಟಿರುವ ತುರ್ತು ದಾರಿ ನೋಡಿ, ದುಡ್ಡು ಖರ್ಚಿಲ್ಲ. ಎಚ್‌ಪಿಯಲ್ಲಿ ವಿಂಡೋಸ್ ಕೀ ಮತ್ತು ಬಿ ಒಟ್ಟಿಗೆ ಹಿಡಿದು, ಪವರ್ ಬಟನ್ ಎರಡು ಮೂರು ಸೆಕೆಂಡ್ ಒತ್ತಿ ಬಿಡುವುದು. ಕೀಗಳನ್ನು ಬಿಡಬಾರದು, ಬಯೋಸ್ ರಿಕವರಿ ಪರದೆ ಬರುವವರೆಗೂ ಹಿಡಿದಿರಬೇಕು. 2016ರ ಈಚಿನ ಹೆಚ್ಚಿನ ಡೆಲ್‌ಗಳಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಹಿಡಿದುಕೊಂಡೇ ಚಾರ್ಜರ್ ಪಿನ್ ಚುಚ್ಚಬೇಕು. ಪರದೆ ಬರಲು ಒಂದೆರಡು ನಿಮಿಷ ಹಿಡಿಯಬಹುದು. ನಾವು ಹತ್ತು ಸೆಕೆಂಡಿಗೇ ಬೇಸತ್ತು ಕೈ ತೆಗೆಯುತ್ತೇವೆ, ಅಲ್ಲೇ ಕೆಡುವುದು. ರಿಕವರಿ ಫೈಲ್ ಇರುವ ಪೆನ್ ಡ್ರೈವನ್ನು ಮೊದಲೇ ಇನ್ನೊಂದು ಕಂಪ್ಯೂಟರಿನಲ್ಲಿ ತಯಾರು ಮಾಡಿ ಚುಚ್ಚಿಟ್ಟಿರಿ.

ನನ್ನದು ಇದಕ್ಕೆಲ್ಲ ಬಗ್ಗಲಿಲ್ಲ. ಉಳಿದದ್ದು ಬಯೋಸನ್ನು ಹೊರಗಿನಿಂದ ನೇರ ಚಿಪ್ಪಿಗೇ ಬರೆಯುವ ದಾರಿ.

ಚಿಪ್ ಬರೆಯುವುದು: ನಾವೇ, ಇಲ್ಲಿನ ಅಂಗಡಿಯಾ, ಹೈದರಾಬಾದಾ

ಕಲಬುರಗಿಯವರಿಗೆ ಇಂಥ ಕೆಲಸಕ್ಕೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಬೋರ್ಡ್ ಮಟ್ಟದ ಕೆಲಸ ಮಾಡುವವರು ಸಾಲಾಗಿ ಸಿಗುತ್ತಾರೆ. ಆದರೆ ಹೋಗಿ ಬರುವ ಖರ್ಚು, ಒಂದು ದಿನದ ಕೆಲಸ, ಊಟ ಎಲ್ಲ ಸೇರಿಸಿ ನೋಡಿ. ಬರೀ ಬಯೋಸ್ ಬರೆಸಲು ಅಷ್ಟು ದೂರ ಬೇಡ. ಶಾರ್ಟ್ ಆಗಿದೆ, ನೀರು ಬಿದ್ದಿದೆ ಅಂದರೆ ಮಾತ್ರ ಅದು ಬೆಲೆ ಬಾಳುವ ಪ್ರಯಾಣ.

ಇಲ್ಲೇ ಊರಲ್ಲಿ ಕೊಟ್ಟರೆ ಬೋರ್ಡ್ ಬದಲಿ ಅನ್ನದೆ "ಚಿಪ್ ಪ್ರೋಗ್ರಾಂ ಮಾಡ್ತೀರೇನ್ರಿ?" ಅಂತ ನೇರ ಕೇಳಿ. ಮಾಡುವ ಅಂಗಡಿಗಳಿವೆ. ನನಗೆ ಒಬ್ಬರು 1,200 ಅಂದಿದ್ದರು. ಒಪ್ಪುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ಬರೆಯುವ ಮೊದಲು ಹಳೇ ಚಿಪ್ಪಿನಲ್ಲಿ ಇದ್ದದ್ದನ್ನು ಓದಿ ಫೈಲ್ ಮಾಡಿ ಇಡುತ್ತೀರಾ? ಈ ಪ್ರಶ್ನೆಗೆ ಹೂಂ ಅನ್ನುವವರಿಗೇ ಕೊಡಿ.

ಯಾಕೆ ಅಂದರೆ ಆ ಬೇಳೆಯಷ್ಟು ಚಿಪ್ಪಿನಲ್ಲಿ ಬಯೋಸ್ ಒಂದೇ ಇಲ್ಲ. ನಿಮ್ಮ ಯಂತ್ರದ ಸೀರಿಯಲ್ ನಂಬರ್ ಇದೆ. ಎಷ್ಟೋ ಮಾಡೆಲ್‌ಗಳಲ್ಲಿ ನೆಟ್‌ವರ್ಕಿನ ಮ್ಯಾಕ್ ವಿಳಾಸ (ನೆಟ್‌ವರ್ಕಿನಲ್ಲಿ ಆ ಯಂತ್ರದ ಗುರುತಿನ ಸಂಖ್ಯೆ) ಇದೆ. ವಿಂಡೋಸ್ 8ರ ಕಾಲದಿಂದ ಈಚೆಗೆ ಕಂಪನಿಯೇ ಹಾಕಿ ಕೊಟ್ಟ ವಿಂಡೋಸಿನ ಕೀ ಕೂಡ ಅಲ್ಲೇ ಇದೆ. ಇಂಟೆಲ್ ಯಂತ್ರವಾದರೆ ಮ್ಯಾನೇಜ್‌ಮೆಂಟ್ ಎಂಜಿನ್ ಅನ್ನುವ ಇನ್ನೊಂದು ಫರ್ಮ್‌ವೇರಿಗೂ ಅದರಲ್ಲೇ ಜಾಗ. ಅವಸರದ ಅಂಗಡಿಯವರು ಇಂಟರ್ನೆಟ್ಟಿನಿಂದ ಬೇರೆ ಯಾರದೋ ಲ್ಯಾಪ್‌ಟಾಪಿನ ಪೂರ್ತಿ ಚಿತ್ರಿಕೆ ತಂದು ನಿಮ್ಮ ಚಿಪ್ಪಿಗೆ ಸುರಿದುಬಿಡುತ್ತಾರೆ. ಯಂತ್ರ ಆನ್ ಆಗುತ್ತದೆ, ನೀವು ಖುಷಿಯಿಂದ ದುಡ್ಡು ಕೊಡುತ್ತೀರಿ. ಮನೆಗೆ ಬಂದರೆ ವಿಂಡೋಸ್ ಆ್ಯಕ್ಟಿವೇಷನ್ ಹೋಗಿರುತ್ತದೆ, ಸೀರಿಯಲ್ ಬೇರೆಯವರದು. ಮ್ಯಾನೇಜ್‌ಮೆಂಟ್ ಎಂಜಿನ್ ಭಾಗ ಸರಿ ಕೂರದಿದ್ದರೆ ಇನ್ನೊಂದು ವಿಚಿತ್ರ: ಆನ್ ಮಾಡಿದ ಸರಿಯಾಗಿ 30 ನಿಮಿಷಕ್ಕೆ ಆಫ್ ಆಗುತ್ತದೆ. ಮತ್ತೆ ಆನ್ ಮಾಡಿ, ಮತ್ತೆ 30 ನಿಮಿಷ. ಗಡಿಯಾರ ಇಟ್ಟ ಹಾಗೆ. ಇದನ್ನು ಕಂಡರೆ ಬಿಸಿ ಅಂದುಕೊಂಡು ಪೇಸ್ಟ್ ಬದಲಿಸುತ್ತ ಕೂರಬೇಡಿ, ವಾಪಸ್ ಅಂಗಡಿಗೇ ಒಯ್ಯಿರಿ.

ನಾನು ಅಂಗಡಿಗೆ ಕೊಡಲಿಲ್ಲ. ಸಿಎಚ್341ಎ ಅನ್ನುವ ಪೆನ್ ಡ್ರೈವಿನಂಥ ಪ್ರೋಗ್ರಾಮರ್ (ಚಿಪ್ ಓದಿ ಬರೆಯುವ ಸಾಧನ), ಜೊತೆಗೆ ಎಂಟು ಹಲ್ಲಿನ ಕ್ಲಿಪ್, ಎರಡೂ ಸೇರಿ ಐದುನೂರರ ಒಳಗೆ ಆನ್‌ಲೈನಿನಲ್ಲಿ ತರಿಸಿದೆ. ಹೆಚ್ಚುಕಡಿಮೆಯಾದರೂ ಆಗಲೇ ಸತ್ತಿರುವ ಯಂತ್ರ, ಕಳೆದುಕೊಳ್ಳುವುದೇನು ಅಂತ.

ಫರ್ಸಿ ಕಲ್ಲಿನ ಮೇಲೆ ಚಾಪೆ ಹಾಸಿ, ಲ್ಯಾಪ್‌ಟಾಪ್ ಬೋರಲು ಹಾಕಿ ಕೂತೆ. ಬ್ಯಾಟರಿ, ಚಾರ್ಜರ್, ಸೆಲ್ ಮೂರೂ ಹೊರಗೆ. ಚಿಪ್ ಮೇಲಿನ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ಫೋನಿನ ಕ್ಯಾಮೆರಾ ಜೂಮ್ ಮಾಡಿ, ಸ್ವಲ್ಪ ಸೀಮೆಸುಣ್ಣದ ಪುಡಿ ಸವರಿ ಒರೆಸಿದಾಗ ಓದಲು ಬಂತು: ವಿನ್‌ಬಾಂಡ್ 25ಕ್ಯೂ64, ಕೊನೆಗೆ ಎಫ್‌ವಿ. ಅಂದರೆ 8 ಎಂಬಿ, 3.3 ವೋಲ್ಟ್. ಅದೇ ಹೆಸರು ಎಫ್‌ಡಬ್ಲ್ಯೂ ಅಂತ ಮುಗಿದಿದ್ದರೆ 1.8 ವೋಲ್ಟ್‌ನದು. ಅದಕ್ಕೆ 1.8ರ ಅಡಾಪ್ಟರ್ ನಡುವೆ ಹಾಕದೆ ಚುಚ್ಚಿದರೆ ಚಿಪ್ ಸುಟ್ಟೀತು. ಇನ್ನೊಂದು ಎಚ್ಚರಿಕೆ: ಅಗ್ಗದ ಕಪ್ಪು ಬಣ್ಣದ ಸಿಎಚ್341ಎ ಬೋರ್ಡುಗಳಲ್ಲಿ ಡೇಟಾ ವೈರಿಗೆ 5 ವೋಲ್ಟ್ ಬರುತ್ತದೆ, 3.3 ಅಲ್ಲ. ಇದು ಬಹಳ ಜನಕ್ಕೆ ಗೊತ್ತಿರುವ ದೋಷ. ಮಲ್ಟಿಮೀಟರ್ ಹಿಡಿದು ನೋಡಿಕೊಳ್ಳಿ, ಇಲ್ಲವೇ ವೋಲ್ಟ್ ಆರಿಸಿಕೊಳ್ಳುವ ಸ್ವಿಚ್ ಇರುವುದನ್ನು ಕೊಳ್ಳಿ.

ಚಿಪ್ಪಿನ ಒಂದು ಮೂಲೆಯಲ್ಲಿ ಪುಟ್ಟ ಚುಕ್ಕೆ ಇರುತ್ತದೆ. ಕ್ಲಿಪ್ಪಿನ ಕೆಂಪು ವೈರ್ ಆ ಕಡೆಗೆ. ಕ್ಲಿಪ್ ಕೂರಿಸುವುದೇ ದೊಡ್ಡ ಸಾಹಸ. ಕೂತಂತೆ ಕಾಣುತ್ತದೆ, ಜಾರುತ್ತದೆ. ಏಳನೇ ಸಲಕ್ಕೆ ಚಿಪ್ಪಿನ ಹೆಸರು ಪರದೆಯಲ್ಲಿ ಬಂತು. ಮೊದಲು ಓದು. ಒಂದು ಸಲ ಓದಿ ಫೈಲ್ ಇಡು. ಇನ್ನೊಂದು ಸಲ ಓದಿ ಫೈಲ್ ಇಡು. ಎರಡೂ ಬೈಟಿಗೆ ಬೈಟು ಒಂದೇ ಇದ್ದರೆ ಮಾತ್ರ ಕ್ಲಿಪ್ ಗಟ್ಟಿಯಾಗಿ ಕೂತಿದೆ ಅಂತ ಲೆಕ್ಕ. ನನ್ನವು ಮೊದಲ ಸಲ ಬೇರೆ ಬೇರೆ ಬಂದವು. ಆಗಲೇ ಬರೆದಿದ್ದರೆ ಕಸ ಬರೆಯುತ್ತಿದ್ದೆ.

ಕಂಪನಿಯ ಅಪ್‌ಡೇಟ್ ಫೈಲನ್ನು ಹಾಗೇ ಚಿಪ್ಪಿಗೆ ಬರೆಯಲು ಬರುವುದಿಲ್ಲ ಅನ್ನುವುದು ನೆನಪಿರಲಿ. ಅದರಲ್ಲಿ ಬಯೋಸ್ ಭಾಗ ಮಾತ್ರ, ಸುತ್ತ ಬೇರೆ ಹೊದಿಕೆ. ಅದನ್ನು ಬಿಡಿಸಿ, ನನ್ನ ಹಳೇ ಚಿತ್ರಿಕೆಯಲ್ಲಿ ಬಯೋಸಿನ ಜಾಗಕ್ಕಷ್ಟೇ ತುಂಬಿ, ಸೀರಿಯಲ್ ಮುಂತಾದವು ಉಳಿಯುವ ಹಾಗೆ ನೋಡಿಕೊಂಡೆ. ಎರಡು ರಾತ್ರಿ ಹಿಡಿಯಿತು. ಬರೆದ ಮೇಲೆ ವೆರಿಫೈ. ಆಮೇಲೆ ಚಾರ್ಜರ್ ಹಾಕಿ ಬಟನ್ ಒತ್ತಿದರೆ ಒಂದು ನಿಮಿಷ ಏನೂ ಇಲ್ಲ. ಬರೆದ ಮೊದಲ ಸಲ ರ‍್ಯಾಮ್ ಲೆಕ್ಕ ಹೊಸದಾಗಿ ಹಾಕಿಕೊಳ್ಳುವುದರಿಂದ ಹೊತ್ತು ಹಿಡಿಯುತ್ತದೆ ಅಂತ ಗೊತ್ತಿದ್ದರೂ ಎದೆ ಡವಡವ. ಲೋಗೋ ಬಂದಾಗ ರಾತ್ರಿ ಒಂದೂವರೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು, ಹೇಳಿಕೊಳ್ಳಲು ಯಾರೂ ಇರಲಿಲ್ಲ.

ನೀವೂ ಹೀಗೇ ಮಾಡಿ ಅನ್ನುತ್ತೇನಾ? ಸ್ಕ್ರೂ ಡ್ರೈವರ್ ಹಿಡಿದರೆ ಖುಷಿಯಾಗುವವರು, ಎರಡು ಸಂಜೆ ಬಿಡುವಿರುವವರು ಮಾಡಿ. ನಾಳೆ ಬೆಳಿಗ್ಗೆ ಲ್ಯಾಪ್‌ಟಾಪ್ ಬೇಕೇ ಬೇಕು ಅನ್ನುವವರು 1,200 ಕೊಟ್ಟು ಬರೆಸಿ.

ಪಾಸ್‌ವರ್ಡ್ ಬೀಗ, ಮತ್ತೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಆಫೀಸುಗಳಿಂದ ಬಂದ ಹಳೇ ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯಲ್ಲೇ ಬಯೋಸ್ ಒಳಗೆ ಹೋಗಿ ನೋಡಿ. ಪಾಸ್‌ವರ್ಡ್ ಕೇಳಿದರೆ ಬಿಟ್ಟು ಬನ್ನಿ. "ಸೆಲ್ ತೆಗೆದ್ರ ಹೋಗ್ತದ್ರಿ" ಅನ್ನುವುದು ಹಳೇ ಡೆಸ್ಕ್‌ಟಾಪ್ ಕಾಲದ ಮಾತು. ಆಫೀಸ್ ಮಾಡೆಲ್‌ಗಳಲ್ಲಿ ಆ ಪಾಸ್‌ವರ್ಡ್ ಕರೆಂಟ್ ಇಲ್ಲದಿದ್ದರೂ ಉಳಿಯುವ ಚಿಪ್ಪಿನಲ್ಲಿರುತ್ತದೆ.

ಬೋರ್ಡ್ ಬದಲಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹತ್ತು ವರ್ಷದ ಮಾಡೆಲಿಗೆ ಸಿಗುವ ಬೋರ್ಡೂ ಹತ್ತು ವರ್ಷದ್ದೇ. ಯಂತ್ರದ ಈಗಿನ ಬೆಲೆಯ ಕಾಲು ಭಾಗಕ್ಕಿಂತ ಜಾಸ್ತಿ ಕೇಳಿದರೆ ನಾನು ಡಿಸ್ಕ್, ರ‍್ಯಾಮ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೇನೆ.

ಅಕ್ಕನ ಮಗಳ ಲ್ಯಾಪ್‌ಟಾಪ್ ಇತ್ತೀಚೆಗೆ ನನ್ನ ಹತ್ತಿರ ಬಂತು. ಆರು ವರ್ಷದ್ದು, ಬ್ಯಾಟರಿ ಚೆನ್ನಾಗಿದೆ, ಚಾರ್ಜ್ ಮಾತ್ರ 50ರ ಮೇಲೆ ಹೋಗುತ್ತಿರಲಿಲ್ಲ. "ಮಾಮಾ, ಬಯೋಸ್ ಅಪ್‌ಡೇಟ್ ಮಾಡಂತ ಬರ್ಲಿಕತ್ತದ, ಮಾಡ್ಲೇನು?" ಅಂದಳು. ಮೊದಲು ಬಯೋಸ್ ಒಳಗೆ ಹೋಗಿ ನೋಡಿದರೆ ಬ್ಯಾಟರಿಗೆ ಚಾರ್ಜ್ ಮಿತಿ ಹಾಕುವ ಸೆಟ್ಟಿಂಗ್ ಯಾರೋ ಆನ್ ಮಾಡಿದ್ದರು. ತೆಗೆದೆ, ನೂರಕ್ಕೆ ಹೋಯಿತು. ಅಪ್‌ಡೇಟ್ ಮಾಡಲಿಲ್ಲ.

ನನ್ನ ಪ್ರೋಗ್ರಾಮರ್ ಈಗ ಮನೆಯಲ್ಲಿಲ್ಲ. ಮಿಲ್ಲಿನ ಲ್ಯಾಪ್‌ಟಾಪಿಗೆ ಏಳು ಸಾವಿರ ಹೇಳಿದ್ದರಲ್ಲ, ಆ ಅಂಗಡಿಯವರೇ ಸುದ್ದಿ ಕೇಳಿ "ಸರ, ಎರಡು ದಿನಕ್ಕ ಕೊಡ್ರಿ, ಒಂದು ಅರ್ಜೆಂಟ್ ಕೇಸ್ ಬಂದದ" ಅಂತ ಒಯ್ದರು. ಎಂಟು ತಿಂಗಳಾಯಿತು.